ಮೊದಲ ತಗ್ಗಿಗೆ ತಳ ಇರಲಿ

1/7
ಫೋಟೋದಾಗಿರೋ ಹಳದಿ ಕ್ಯಾಸೆಟ್ ಗುರುತು ಸಿಕ್ತೇನ್ರಿ? ಮೊನ್ನೆ ವಾಡಿಯ ನಮ್ಮ ಮನೆ ಅಟ್ಟದ ಮೇಲೆ ಸಿಕ್ತು. ಮೇಲೆ 9999999 ಆಟ ಅಂತ ಬರೆದದ. ಒಳಗಿದ್ದದ್ದು ಹತ್ತೋ ಹದಿನೈದೋ, ಉಳಿದದ್ದೆಲ್ಲ ಅವೇ ಆಟ ತಿರುಗಾ ಮುರುಗಾ. ಇರಲಿ, ನಮಗ ಬೇಕಾಗಿದ್ದು ಒಂದೇ ಆಟ. ಮಾರಿಯೋ.

1990ರ ದಶಕದ ಕೊನೆ, ಬೇಸಿಗೆ ಸೂಟಿ. ಅಪ್ಪ ಸಿಮೆಂಟ್ ಫ್ಯಾಕ್ಟರಿ ನೈಟ್ ಶಿಫ್ಟ್ ಮುಗಿಸಿ ಬಂದು ಮಲಗಿದ್ರೆ ಟೀವಿ ಸೌಂಡ್ ಪೂರಾ ಬಂದ್. ಹೀಗಾಗಿ ಕೋಜಿ ಕೊಂಡೊ ಮಾಡಿದ ಆ ಪ್ರಸಿದ್ಧ ಸಂಗೀತ ನಾನು ಸರಿಯಾಗಿ ಕೇಳಿದ್ದು ಎಷ್ಟೋ ವರ್ಷದ ಮೇಲೆ. ನಮ್ಮ ಮನ್ಯಾಗ ಮಾರಿಯೋ ಮೂಕ. ತಣ್ಣನೆಯ ಶಹಾಬಾದ್ ಕಲ್ಲಿನ ಮೇಲೆ ಬೋರಲು ಮಲಗಿ ಆಡೋದು. ಅಣ್ಣ ಮಾರಿಯೋ, ನಾನು ಲುಯಿಜಿ. ಮಾರಿಯೋ ಸತ್ತರೆ ಮಾತ್ರ ಲುಯಿಜಿ ಪಾಳಿ. "ದೇವ್ರೇ, ನಮ್ಮಣ್ಣ ಬೀಳ್ಲಿ" ಅಂತ ಬೇಡ್ಕೊಂಡ ತಂಗಿ ನಾ ಒಬ್ಬಾಕೇ ಅಲ್ಲ ಅಂತ ನನಗ ಗೊತ್ತದ 😄

ಆದ್ರ ಬರೀ ನೆನಪು ಹೇಳಾಕ ಕುಂತಿಲ್ಲ. ನಾನೀಗ ಸೇಡಂನಲ್ಲಿ ಹತ್ತನೇ ಕ್ಲಾಸಿನ ಮಕ್ಕಳಿಗೆ ಗಣಿತ ಟ್ಯೂಷನ್ ಹೇಳ್ತೀನಿ. ಈ ಆಟ ಇಟ್ಕೊಂಡು ನಿಮ್ಮ ಜೊತೆ ಒಂದು ವಾದ ಮಾಡೋದದ. ಪೂರಾ ಓದ್ರಿ, ಆಮ್ಯಾಲ ಬೈರಿ.

2/7
ಮೊದಲು ಇವನ ಹುಟ್ಟಿನ ಕಥೆ.

ನಿಂಟೆಂಡೊ 1889ರಲ್ಲಿ ಜಪಾನಿನ ಕ್ಯೋಟೋದಲ್ಲಿ ಇಸ್ಪೀಟ್ ಎಲೆ ಮಾಡಲು ಶುರುವಾದ ಕಂಪನಿ. 1981ರಲ್ಲಿ ಶಿಗೆರು ಮಿಯಾಮೊಟೊ ಅನ್ನೋ ಯುವಕ ಅವರಿಗೆ 'ಡಾಂಕಿ ಕಾಂಗ್' ಆಟ ಮಾಡಿಕೊಟ್ಟರು. ಅದರಲ್ಲಿ ಪೀಪಾಯಿ ಜಿಗಿಯೋ ಒಬ್ಬ ಬಡಗಿ ಇದ್ದ. ಅಮೆರಿಕದಲ್ಲಿ ಕಂಪನಿಗೆ ಗೋದಾಮು ಬಾಡಿಗೆ ಕೊಟ್ಟಿದ್ದ ಮಾರಿಯೋ ಸೆಗಾಲಿ ಅನ್ನೋರ ಹೆಸರು ಅವನಿಗೆ ಬಂತು. ಆಗಿನ ಪರದೆಯ ಮೇಲೆ ಕೂದಲು ಬಿಡಿಸೋದು ಕಷ್ಟ, ಅದಕ್ಕೇ ಟೊಪ್ಪಿಗೆ. ಬಾಯಿ ಕಾಣ್ಸೋದಿಲ್ಲ, ಅದಕ್ಕೇ ಮೀಸೆ. 1983ರಲ್ಲಿ ಬಡಗಿ ಹೋಗಿ ಪ್ಲಂಬರ್ ಆದ, ತಮ್ಮ ಲುಯಿಜಿ ಜೊತೆಗೆ ಬಂದ. 1985ರ ಸೆಪ್ಟೆಂಬರ್ 13ರಂದು ಜಪಾನಿನಲ್ಲಿ 'ಸೂಪರ್ ಮಾರಿಯೋ ಬ್ರದರ್ಸ್' ಬಂತು. ನಾವೆಲ್ಲ ಆಡಿದ್ದು ಅದೇ. ಆಡಿದ ಪೆಟ್ಟಿಗೆ ಮಾತ್ರ ನಿಂಟೆಂಡೊದ್ದಲ್ಲ, ಅದರ ನಕಲು.

ಇಡೀ ಆಟ 40 ಕಿಲೋಬೈಟ್. ನಿಮ್ಮ ಮಾಮಾ ಮುಂಜಾನೆ ವಾಟ್ಸಾಪಿಗೆ ಕಳಿಸೋ ಗುಡ್ ಮಾರ್ನಿಂಗ್ ಫೋಟೋ ಅದಕ್ಕಿಂತ ದೊಡ್ಡದಿರ್ತದ! ಜಾಗ ಉಳಿಸಲು ಮೋಡಕ್ಕೂ ನೆಲದ ಪೊದೆಗೂ ಒಂದೇ ಚಿತ್ರ ಬಳಸಿದ್ದಾರೆ. ಬಣ್ಣ ಮಾತ್ರ ಬೇರೆ. ಈಗ ಹೋಗಿ ನೋಡ್ರಿ.

ಆ ಲೋಕಕ್ಕೆ ತಲಿ ಬುಡ ಇಲ್ಲ. ಅಣಬೆ ತಿಂದ್ರ ದೊಡ್ಡವ ಆಗ್ತಾನ. ಹೂವು ಹಿಡಿದ್ರ ಕೈಯಾಗ ಬೆಂಕಿ. ಪೈಪಿನೊಳಗಿಂದ ಕಚ್ಚೋ ಗಿಡ. ಮೋಡದ ಮೇಲೆ ಕುಂತು ಮುಳ್ಳು ಎಸೆಯೋನು ಒಬ್ಬ. ಯಾಕೆ ಅಂತ ಯಾರೂ ಕೇಳಲಿಲ್ಲ. ನಮ್ಮ ಮುತ್ಯಾನ ಕಥ್ಯಾಗ ಗಿಣಿಯೊಳಗ ರಾಕ್ಷಸನ ಜೀವ ಇದ್ದಾಗ ಕೇಳಿದ್ದೆವೇನು?

3/7
ಈಗ ವಾದಕ್ಕೆ ಬರ್ತೀನಿ. ಆ ಆಟದ ಮೊದಲನೇ ಹಂತ, 1-1, ನಾನು ಕಂಡ ಅತಿ ಒಳ್ಳೆ ಪಾಠ. ಒಂದು ಅಕ್ಷರ ಇಲ್ಲದ ಪಾಠ.

ಶುರುವಿಗೆ ಮಾರಿಯೋ ಪರದೆಯ ಎಡಕ್ಕೆ ನಿಂತಿರ್ತಾನೆ, ಬಲಕ್ಕೆಲ್ಲ ಖಾಲಿ. ಹೋಗೋ ದಿಕ್ಕು ಅದೇ ಅಂತ ತಾನೇ ತಿಳೀತದ. ಮುಂದೆ ಮಿಣಮಿಣ ಮಿಂಚೋ ಪ್ರಶ್ನೆ ಚಿಹ್ನೆಯ ಪೆಟ್ಟಿಗೆ, ಕೆಳಗೆ ಮುಖ ಗಂಟಿಕ್ಕಿದ ಪುಟ್ಟ ವೈರಿ. ಜಿಗಿಯದಿದ್ರೆ ಸಾಯ್ತೀರಿ. ಸತ್ರೂ ಹೋಗೋದು ಐದೇ ಸೆಕೆಂಡಿನ ಕೆಲಸ. ಇನ್ನೊಂದು ಪೆಟ್ಟಿಗೆ ಗುದ್ದಿದ್ರೆ ಅಣಬೆ ಬರ್ತದ. ಅದು ಬಲಕ್ಕೆ ಓಡಿ, ಪೈಪಿಗೆ ಬಡಿದು, ನಿಮ್ಮ ಕಡೆಗೇ ತಿರುಗಿ ಬರ್ತದ. ವೈರಿ ಅಂತ ಹೆದರಿ ಜಿಗಿದ್ರೂ ಮೇಲಿನ ಇಟ್ಟಿಗೆ ತಲೆಗೆ ತಾಗಿ ಅದರ ಮೇಲೇ ಬೀಳೋ ಹಾಗೆ ಜಾಗ ಮಾಡಿದ್ದಾರೆ. ಬಿದ್ರಿ, ದೊಡ್ಡವರಾದ್ರಿ. ಕಲಿತ್ರಿ.

ನನಗ ಎಲ್ಲಕ್ಕಿಂತ ಇಷ್ಟವಾದದ್ದು ಕೊನೆಗೆ ಬರ್ತದ. ಎರಡು ಮೆಟ್ಟಿಲ ಸಾಲು ಎದುರುಬದುರು, ನಡುವೆ ಒಂದು ತಗ್ಗು. ಒಂದರ ತುದಿಯಿಂದ ಇನ್ನೊಂದಕ್ಕೆ ಜಿಗೀಬೇಕು. ತಪ್ಪಿ ಬಿದ್ರೆ ಏನೂ ಆಗಲ್ಲ, ಕೆಳಗೆ ನೆಲ ಅದ. ಹತ್ತಿ ಮತ್ತೆ ಜಿಗೀರಿ. ಸ್ವಲ್ಪ ಮುಂದೆ ಹೋದ್ರೆ ಮತ್ತೆ ಅಂಥದ್ದೇ ಮೆಟ್ಟಿಲು, ಅಂಥದ್ದೇ ತಗ್ಗು. ಈ ಸಲ ತಳ ಇಲ್ಲ. ಬಿದ್ರೆ ಜೀವ ಹೋಯ್ತು. ಆದ್ರ ಅಷ್ಟೊತ್ತಿಗೆ ನಿಮ್ಮ ಬೆರಳಿಗೆ ಆ ಜಿಗಿತ ಬಂದಿರ್ತದ.

4/7
ಇದು ನಮ್ಮಂಥವರಿಗೆ ಯಾಕೆ ಮುಖ್ಯ ಆಯ್ತು ಹೇಳ್ತೀನಿ. ನಾವು ಕನ್ನಡ ಮಾಧ್ಯಮದವರು. ಬೇಸಿಗೆಗೆ ಚಿಂಚೋಳಿಯಿಂದ ಬರ್ತಿದ್ದ ಕಾಕಾನ ಮಗನಿಗೆ ಇಂಗ್ಲಿಷ್ ಅಕ್ಷರ ಕೂಡಿಸಿ ಓದಲಿಕ್ಕೂ ಬರ್ತಿರಲಿಲ್ಲ. ಅವನು ಒಂದು ಮಧ್ಯಾಹ್ನದೊಳಗೆ ನಮ್ಮಣ್ಣನನ್ನ ಹಿಂದೆ ಹಾಕಿದ. ಸಾಲೆಯಲ್ಲಿ 'ದಡ್ಡ' ಅನ್ನಿಸಿಕೊಂಡವನು ನಮ್ಮ ಮನ್ಯಾಗ ಗುರು! ಅವನ ತಲೆ ಆವಾಗ್ಲೂ ಅದೇ, ಇವಾಗ್ಲೂ ಅದೇ. ಬೇರೆಯಾಗಿದ್ದು ಕಲಿಸೋ ರೀತಿ.

ಒಂದು ಸಿಟ್ಟೂ ಅದ. ಮೂರೂ ಜೀವ ಹೋದ್ರೆ ಆಟ ಮೊದಲಿಂದ ಶುರು. ಕರೆಂಟ್ ಹೋದ್ರೂ ಅಷ್ಟೇ. ನಾವು ಎಂಟನೇ ಲೋಕ ಮುಟ್ಟಿದ್ದು ಎರಡೋ ಮೂರೋ ಸಲ, ರಾಣಿಯನ್ನಂತೂ ನೋಡ್ಲೇ ಇಲ್ಲ. ದೊಡ್ಡಾಕಿ ಆದ ಮೇಲೆ ಗೊತ್ತಾಯ್ತು: ಆಟ ಮುಗಿದು ಮೊದಲ ಪರದೆ ಬಂದಾಗ ಎ ಬಟನ್ ಒತ್ತಿ ಹಿಡಿದು ಸ್ಟಾರ್ಟ್ ಒತ್ತಿದ್ರೆ, ಸತ್ತ ಲೋಕದಿಂದಲೇ ಮತ್ತೆ ಶುರು ಮಾಡಬಹುದಿತ್ತಂತ! ಅವಕಾಶ ಆ ಪೆಟ್ಟಿಗೆಯೊಳಗೇ ಇತ್ತು. ನಮಗ ಹೇಳೋರು ಇರಲಿಲ್ಲ. ಈ ಮಾತು ನೆನಪಿಟ್ಕೊಳ್ರಿ, ಆರನೇ ಭಾಗದಾಗ ಬರ್ತದ.

5/7
ಅದೇ ಕಂಪನಿ ಒಮ್ಮೆ ತಳ ಹಾಕೋದು ಮರೆತಿತ್ತು.

1986ರಲ್ಲಿ ಜಪಾನಿನಲ್ಲಿ ಎರಡನೇ ಭಾಗ ಬಂತು. ಮೊದಲನೇದನ್ನ ಅರೆದು ಕುಡಿದವರಿಗೆ ಮಾಡಿದ್ದು. ಶುರುವಿಗೇ ವಿಷದ ಅಣಬೆ. ಮುಂದೆ ಜಿಗಿಯುವಾಗ ತಳ್ಳೋ ಗಾಳಿ. ಮುಂದೆ ಹೋದ್ನೆಪ್ಪಾ ಅಂತ ಖುಷಿಪಟ್ರೆ ಹಿಂದಕ್ಕೆ ಕಳಿಸೋ ದಾರಿ. ಇದು ಭಾಳ ಕಠಿಣ ಅಂತ ಅಮೆರಿಕದ ಶಾಖೆ ಆಗ ಅದನ್ನ ಬಿಡುಗಡೆ ಮಾಡಲಿಲ್ಲ. 'ಡೋಕಿ ಡೋಕಿ ಪ್ಯಾನಿಕ್' ಅನ್ನೋ ಬೇರೆ ಆಟದ ಪಾತ್ರಗಳನ್ನ ಬದಲಿಸಿ, 1988ರಲ್ಲಿ ಅದನ್ನೇ ಅಲ್ಲಿ ಎರಡನೇ ಮಾರಿಯೋ ಅಂತ ತಂದ್ರು.

ಮುಂದಿನ ದೊಡ್ಡ ಆಟಗಳಲ್ಲಿ ಆ ತಪ್ಪು ಕಾಣ್ಸೋದಿಲ್ಲ. 1990ರ 'ಸೂಪರ್ ಮಾರಿಯೋ ವರ್ಲ್ಡ್' ಆಟದಲ್ಲಿ ಮುಟ್ಟಿದ ಜಾಗ ಉಳಿಸಿಕೊಳ್ಳಬಹುದು. 1996ರ 'ಸೂಪರ್ ಮಾರಿಯೋ 64' ಶುರುವಾಗೋದು ಕೋಟೆ ಮುಂದಿನ ಒಂದು ಹಸಿರು ಬಯಲಲ್ಲಿ. ಅಲ್ಲಿ ವೈರಿ ಇಲ್ಲ, ಗಡಿಯಾರ ಇಲ್ಲ. ಸುಮ್ಮನೆ ಓಡು, ಜಿಗಿ, ಮರ ಹತ್ತು. ಸಾಕಾದಾಗ ಒಳಗ ಹೋಗು. 2023ರ 'ಸೂಪರ್ ಮಾರಿಯೋ ಬ್ರದರ್ಸ್ ವಂಡರ್' ಆಟದಲ್ಲಿ ಯೋಶಿಯನ್ನ ಆರಿಸಿಕೊಂಡ ಪುಟ್ಟ ಮಕ್ಕಳಿಗೆ ವೈರಿ ತಾಗಿದ್ರೂ ಪೆಟ್ಟಾಗಲ್ಲ. ಪಕ್ಕದಲ್ಲೇ ಅಕ್ಕ ಕಠಿಣವಾಗಿ ಆಡ್ತಿರಬಹುದು. ಒಂದೇ ಪರದೆ, ಇಬ್ಬರಿಗೂ ಜಾಗ. ಇಷ್ಟು ವರ್ಷ ಈ ಸರಣಿ ಬದುಕಿದ್ದು ಮೀಸೆಯಿಂದಲ್ಲ, ಇದರಿಂದ ಅಂತ ನನ್ನ ನಂಬಿಕೆ.

6/7
ಈಗ ನಮ್ಮೂರಿಗೆ ಬರ್ರಿ.

2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ದಕ್ಷಿಣ ಕನ್ನಡ ಮೊದಲು, ನಮ್ಮ ಕಲಬುರಗಿ ಜಿಲ್ಲೆ ಕಡೆಗೆ. ಪಾಸಾದವರು ಶೇ. 42ರ ಆಸುಪಾಸು. ಆ ದಿನ ಮೀಮ್ ಹಾಕಿ ನಕ್ಕವರಲ್ಲಿ ನಮ್ಮ ಕಡೆಯವರೇ ಹೆಚ್ಚು.

2024 ಮತ್ತು 2025ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಇದ್ವು. ಯಾವುದರಲ್ಲಿ ಹೆಚ್ಚು ಅಂಕವೋ ಅದೇ ನಿಮ್ಮದಾಗ್ತಿತ್ತು. ಮೂರು ಜೀವ! ಇದು ಒಳ್ಳೇದೇ, ನಾನು ಇದರ ಪರ. ಆದ್ರ ಮೂರು ಜೀವ ಕೊಟ್ಟು, ತಳ ಇಲ್ಲದ ಅದೇ ತಗ್ಗಿನ ಮುಂದೆ ಅದೇ ಮಗುವನ್ನ ನಿಲ್ಲಿಸಿದ್ರೆ? ಮೂರು ಸಲ ಬೀಳ್ತದ, ಅಷ್ಟೇ.

ಚಿಂಚೋಳಿ ಕಡೆಯ ಒಂದು ಹುಡುಗಿ ಆ ವರ್ಷ ನನ್ನ ಹತ್ರ ಬಂದ್ಲು. ಗಣಿತ ಹೋಗಿತ್ತು. ಪರೀಕ್ಷೆ-2 ಅಂತ ಒಂದದ ಅಂತ ಮನ್ಯಾಗ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಮದುವಿ ಮಾತು ಸುರು ಆಗಿತ್ತು. ಸೇಡಂನಲ್ಲಿರೋ ಆಕಿ ಸೋದರಮಾವ ಹಟ ಹಿಡಿದು ಕರ್ಕೊಂಡ್ ಬಂದಿದ್ರು. ಎ ಬಟನ್ ಒತ್ತಿ ಹಿಡಿ ಅಂತ ಹೇಳೋರು ಒಬ್ಬರಾದ್ರೂ ಸಿಕ್ರು.

ಕೂಡಿಸಿ ಮಾತಾಡಿಸಿದೆ. ವರ್ಗ ಸಮೀಕರಣ ಬಾಯಿಪಾಠ ಮಾಡಿದ್ಲು. -7ಕ್ಕೆ 3 ಕೂಡಿಸಿದ್ರೆ ಎಷ್ಟು ಅಂದ್ರೆ ಸುಮ್ಮನಾದ್ಲು. ಅಂದ್ರ ಎಷ್ಟೋ ವರ್ಷದ ಹಿಂದೆಯೇ ಬಿದ್ದಿದ್ಲು. ಯಾರೂ ನೋಡಿರಲಿಲ್ಲ, ಮುಂದಿನ ಕ್ಲಾಸಿಗೆ ಕಳಿಸ್ತಾ ಹೋಗಿದ್ರು.

ಪುಸ್ತಕ ಮುಚ್ಚಿಸಿದೆ. ನೆಲದ ಶಹಾಬಾದ್ ಕಲ್ಲಿನ ಮೇಲೆ ಚಾಕ್‌ಪೀಸ್‌ನಿಂದ -10ರಿಂದ 10ರವರೆಗೆ ಬರೆದೆ, ಕಲ್ಲಿಗೊಂದು ಅಂಕಿ. -7ರ ಮೇಲೆ ನಿಂತ್ಕೋ, ಬಲಕ್ಕೆ ಮೂರು ಜಿಗಿ ಅಂದೆ. ಕುಂಟಾಬಿಲ್ಲೆ ಆಡಿದಂಗ ಜಿಗಿದು, ಕೆಳಗ ನೋಡಿ, "ಮೈನಸ್ ನಾಕ್ರೀ ಟೀಚರ್" ಅಂದ್ಲು. ತಪ್ಪಿದ್ರೂ ನಡೀತಿತ್ತು, ಕೆಳಗ ನೆಲ ಇತ್ತು.

ಪರೀಕ್ಷೆ-2ರಲ್ಲೂ ಗಣಿತ ಹೋಯ್ತು. 3ರಲ್ಲಿ 35 ಬಂತು. ಸರಿಯಾಗಿ 35. ಮದುವಿ ಮಾತು ಸದ್ಯಕ್ಕೆ ನಿಂತದ.

7/7
ಚಿತ್ತಾಪುರದ ಒಬ್ಬ ಹಿರಿಯ ಮಾಸ್ತರರಿಗೆ ಇದನ್ನೆಲ್ಲ ಹೇಳಿದೆ. "ಆಟ ಬ್ಯಾರಿ, ಪಾಠ ಬ್ಯಾರಿ. ಹಿಂಗ ನೆಲ ಹಾಸಿ ಕೊಟ್ಟರ ಹುಡುಗೂರು ಮೆತ್ತಗಾಗ್ತಾರವ್ವ" ಅಂದ್ರು. ಅವರ ಅನುಭವಕ್ಕೆ ಗೌರವ ಅದ. ಆದ್ರ ನನ್ನ ಉತ್ತರ ಇದು: ಮಾರಿಯೋ ಮೆತ್ತನೆ ಆಟ ಅಲ್ರಿ ಸರ್. ಇವತ್ತಿಗೂ ಅದರ ಕೊನೆ ಹಂತ ನನ್ನಿಂದ ಆಗಿಲ್ಲ. ಆ ಮೊದಲ ತಗ್ಗಿನ ಜಿಗಿತ ಮುಂದಿನದಕ್ಕಿಂತ ಸಣ್ಣದೇನಲ್ಲ. ಜಿಗಿತ ಅದೇ, ಬಿದ್ದಾಗಿನ ಶಿಕ್ಷೆ ಮಾತ್ರ ಇಲ್ಲ. ಕಠಿಣ ಆಟದೊಳಗ ಮಂದಿ ನಿಲ್ಲೋದೇ ಅದರಿಂದ.

ನನಗೆ ಬೇಕಿರೋದು ದೊಡ್ಡದೇನಲ್ಲ. ಎಂಟನೇ ಕ್ಲಾಸಿಗೆ ಬಂದ ಮಗು ಎಲ್ಲಿ ಬಿದ್ದದ ಅಂತ ಜೂನ್ ತಿಂಗಳಲ್ಲೇ ನೋಡ್ರಿ. ಅಂಕ ಹಾಕದ ಒಂದು ತಿಂಗಳು ಕೊಡ್ರಿ. ಆಮೇಲೆ ಎಷ್ಟು ಕಠಿಣ ಪರೀಕ್ಷೆ ಬೇಕಾದ್ರೂ ಕೊಡ್ರಿ. ನಿಮ್ಮ ಓಣಿಯಲ್ಲಿ ಫೇಲಾದ ಮಗು ಇದ್ರೆ ಮೀಮ್ ಕಳಿಸಬ್ಯಾಡ್ರಿ. ಮುಂದಿನ ಪರೀಕ್ಷೆಗೆ ಹೆಸರು ಹಚ್ಚೋ ಕಡೆ ದಿನ ಯಾವಾಗ ಅಂತ ಅವರ ಮನೆಗೆ ಹೋಗಿ ಹೇಳ್ರಿ.

ಆ ಕ್ಯಾಸೆಟ್ ಈಗ ನಡೆಯಲ್ಲ. ನಿವೃತ್ತಿಯಾದ ಅಪ್ಪ ಅದನ್ನ ಕೈಯಾಗ ಹಿಡಿದು ತಿರುಗಿಸಿ ನೋಡಿ, "ಇದರಾಗ ಸೌಂಡೂ ಇತ್ತೇನು?" ಅಂತ ಕೇಳಿದ್ರು. ಫೋನಿನಲ್ಲಿ ಹಾಕಿ ಕೇಳಿಸಿದೆ. "ಚಲೋ ಅದ. ನನ್ನ ನಿದ್ದಿಗೋಸ್ಕರ ನೀವು ಕೇಳಲೇ ಇಲ್ಲ ನೋಡು" ಅಂದ್ರು.

ನೀವು ಯಾವ ಊರಾಗ, ಯಾರ ಮನ್ಯಾಗ ಆಡಿದ್ರಿ? ನಿಮಗ ಮೊದಲ ಸಲ ಬೀಳಲಿಕ್ಕೆ ಬಿಟ್ಟು ಕಲಿಸಿದ ಮಾಸ್ತರು ಯಾರು? ಕಾಮೆಂಟಿನಲ್ಲಿ ಬರೀರಿ, ಎಲ್ಲಾ ಓದ್ತೀನಿ 🍄

#ಮಾರಿಯೋ #ವಾಡಿ #ಶಹಾಬಾದ್ #ಸೇಡಂ #ಚಿತ್ತಾಪುರ #ಚಿಂಚೋಳಿ #ಎಸ್ಸೆಸ್ಸೆಲ್ಸಿ