ಗೇಣುದ್ದ ಬೇಡ, ನಾಲ್ಕು ಬೆರಳು ಸಾಕು

(1/5)
ಫೋಟೋದಲ್ಲಿ ಎಡಗಡೆ ಇರೋದು 8 ಇಂಚಿನ ಸ್ವಿಮ್‌ಬೈಟ್. ಬಲಗಡೆದು 3 ಇಂಚು. ಎಡಗಡೆದನ್ನ ಕ್ಲಾಸಿಗೆ ತಂದಾಗ ಎಲ್ರೂ "ಮಗಾ ಸೂಪರ್" ಅಂದ್ರಿ. ಬಲಗಡೆದನ್ನ ನೋಡಿ "ಇದೇನ್ಲಾ, ಕೀ ಚೈನಾ?" ಅಂತ ನಕ್ಕಿದ್ರಿ. ಇವತ್ತಿನ ಮಾತು ಅದರ ಬಗ್ಗೆನೇ.

ಗೊತ್ತಿಲ್ಲದವರಿಗೆ: ಸ್ವಿಮ್‌ಬೈಟ್ ಅಂದ್ರೆ ಮೆತ್ತಗಿರೋ ರಬ್ಬರ್ ಥರದ ಮೀನು. ದಾರ ಎಳೆದಾಗ ಬಾಲ ಅಲ್ಲಾಡಿಸ್ಕೊಂಡು ನಿಜವಾದ ಮೀನಿನ ಹಾಗೆ ಈಜುತ್ತೆ. ಎರೆಹುಳ ಸಿಕ್ಕಿಸೋ ಕೆಲಸ ಇಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ. ನಮ್ಮ ಬಿಂಡಿಗನವಿಲೆ ಕಡೆ ಕೆರೆಗಳಿಗೆ 3 ಇಂಚು, ಹೆಚ್ಚು ಅಂದ್ರೆ 4. ಅದಕ್ಕಿಂತ ದೊಡ್ಡದು ಬರೀ ಶೋಕಿ. ಆ ಶೋಕಿಗೆ ದುಡ್ಡು ಸುರಿದವನು ನಾನೇ. ರಜೆಲಿ ತೆಂಗಿನಕಾಯಿ ಸುಲಿಯೋಕೆ ಹೋಗಿ ಸಂಪಾದಿಸಿದ್ದೆಲ್ಲ ಆ 8 ಇಂಚಿಗೇ ಹೋಯ್ತು.

(2/5)
8 ಇಂಚು ಯಾಕೆ ತಗೊಂಡೆ? ವಿಡಿಯೋ ನೋಡಿ. ಅಮೆರಿಕದವರು ಗೇಣುದ್ದದ ಸ್ವಿಮ್‌ಬೈಟ್ ಎಸೆದು ಕುಂಬಳಕಾಯಿ ಗಾತ್ರದ ಬಾಸ್ ಮೀನು ಎತ್ತುತ್ತಾರೆ. ಆದ್ರೆ ಅಲ್ಲಿ ಅದು ಯಾಕೆ ನಡೆಯುತ್ತೆ ಅಂತ ಯಾರೂ ಕೇಳಲ್ಲ.

ದಕ್ಷಿಣ ಕ್ಯಾಲಿಫೋರ್ನಿಯಾದ ಕ್ಯಾಸ್ಟೈಕ್, ಕ್ಯಾಸಿಟಾಸ್ ಥರದ ಜಲಾಶಯಗಳಿಗೆ ಸಾಕಿದ ರೈನ್‌ಬೋ ಟ್ರೌಟ್ ಮೀನುಗಳನ್ನ ತಂದು ಬಿಡ್ತಿದ್ರು. ಅಲ್ಲಿದ್ದ ಬಾಸ್‌ಗಳು ಅವನ್ನ ತಿಂದು ತಿಂದು ಕೊಬ್ಬಿದವು. ಅವುಗಳ ದಿನದ ಊಟವೇ ಗೇಣುದ್ದದ ಟ್ರೌಟ್. ಅದಕ್ಕೇ ಅಲ್ಲಿನವರು ಟ್ರೌಟ್ ಗಾತ್ರದ, ಟ್ರೌಟ್ ಬಣ್ಣದ ದೊಡ್ಡ ಸ್ವಿಮ್‌ಬೈಟ್ ಮಾಡ್ಕೊಂಡ್ರು. ಅಂದ್ರೆ ಆ ಅಳತೆ ಹುಟ್ಟಿದ್ದು ಆ ನೀರಲ್ಲಿ.

ಇನ್ನೊಂದು ಉದಾಹರಣೆ. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಅನ್ನೋರು 10 ಕೆಜಿ ದಾಟಿದ ಬಾಸ್ ಹಿಡಿದ್ರು. 1932ರಿಂದ ಜಾರ್ಜ್ ಪೆರ್ರಿ ಹೆಸರಲ್ಲಿದ್ದ ವಿಶ್ವದಾಖಲೆಗೆ ಸಮ ಆಯ್ತು. ಕುರಿತಾ ಕೊಕ್ಕೆಗೆ ಹಾಕಿದ್ದು ಜೀವಂತ ಬ್ಲೂಗಿಲ್, ಅಂದ್ರೆ ಆ ಸರೋವರದಲ್ಲಿ ಬಾಸ್ ದಿನಾ ಕಾಣೋ ಮೀನು. ಅವರೂ ಆ ನೀರಿನ ಲೆಕ್ಕವನ್ನೇ ಹಾಕಿದ್ದು.

(3/5)
ಈಗ ನಮ್ಮ ಕೆರೆಗೆ ಬನ್ನಿ. ಇಲ್ಲಿ ಬಾಸೂ ಇಲ್ಲ, ಟ್ರೌಟೂ ಇಲ್ಲ. ಬಿತ್ತನೆ ಬಿಟ್ಟ ಕಾಟ್ಲಾ, ರೋಹು ಸ್ವಿಮ್‌ಬೈಟ್ ಹಿಂದೆ ಓಡಿ ಬರೋ ಜಾತಿ ಅಲ್ಲ. ಬೇಟೆ ಆಡೋದು ಕೊರವ. ಮಲೆನಾಡಿನವರು ಕುಚ್ಚು ಅಂತಾರೆ, ಅಂಗಡಿಲಿ ಮರಲ್ ಅಂತಾರೆ. ಅದು ತಿನ್ನೋದು ಏನು? ಪಕ್ಕೆ, ಸಸ್ಲು, ಜಿಲೇಬಿ ಮರಿ, ಸಣ್ಣ ಕಪ್ಪೆ. ಎಲ್ಲಾ ಎರಡರಿಂದ ನಾಲ್ಕು ಇಂಚಿನ ಒಳಗೇ.

ಮೂರು ಭಾನುವಾರ ನಾನು 8 ಇಂಚಿಂದು ಎಸೆದೆ. ಒಂದೂ ಮುಟ್ಟಲಿಲ್ಲ. ಪಕ್ಕದಲ್ಲಿ ಬಿದಿರು ಕಡ್ಡಿ ಹಿಡ್ಕೊಂಡು ಕೂತಿದ್ದ ತಾತ ಒಬ್ರು ಕೊನೆಗೆ ತಡೀಲಾರದೆ ಅಂದ್ರು, "ಲೋ ಮಗ, ಅದು ಕೊರವುನ್ ಹಿಡಿಯಾಕಾ, ಕೊರವುನ್ ಓಡ್ಸಾಕಾ? ಕೆರೆವೊಳ್ಗೆ ಏನ್ ಓಡಾಡ್ತದೋ ಅದ್ರಷ್ಟೇ ಇರ್ಬೇಕು ಕಣ್ಲಾ." ಕೈ ಚಾಚಿ ನಾಲ್ಕು ಬೆರಳು ಜೋಡಿಸಿ ತೋರಿಸಿದ್ರು. ಮನೆಗೆ ಬಂದು ಸ್ಕೇಲ್ ಇಟ್ಟು ನೋಡಿದೆ. ಸರಿಯಾಗಿ 3 ಇಂಚು.

ಮುಂದಿನ ವಾರ 3 ಇಂಚಿಂದು ಕಟ್ಟಿದೆ. ಜೊಂಡಿನ ಅಂಚಲ್ಲಿ ಎರಡನೇ ಎಸೆತಕ್ಕೇ ಹೊಡೀತು.

(4/5)
ಸೇವ್ ಮಾಡ್ಕೊಳ್ಳಿ, ನನ್ನ ಲೆಕ್ಕ ಇಷ್ಟೇ:

▪ ಮೊದಲು ಐದು ನಿಮಿಷ ಸುಮ್ಮನೆ ದಡದಲ್ಲಿ ನಿಂತು ನೋಡಿ. ಅಂಚಲ್ಲಿ ಓಡಾಡೋ ಸಣ್ಣ ಮೀನು ಎಷ್ಟುದ್ದ ಇದೆಯೋ ಅಷ್ಟುದ್ದದ್ದು ಕಟ್ಟಿ.
▪ ಬೇಸಿಗೇಲಿ ನೀರು ತಿಳಿಯಾಗಿದ್ರೆ 3 ಇಂಚು, ಮಂಕು ಬಣ್ಣ. ನಾಲೆ ನೀರು ಬಂದು ಕೆಂಪಗೆ ಕದಡಿದ್ರೆ 4 ಇಂಚು, ಬಾಲ ಅಗಲ ಇರೋದು. ಕಣ್ಣಿಗೆ ಕಾಣದಿದ್ರೂ ಬಾಲ ಬಡಿಯೋದು ಮೀನಿಗೆ ಗೊತ್ತಾಗುತ್ತೆ.
▪ ಬರೀ ಬಾಲ ಕಚ್ಚಿ ಬಿಡ್ತಾ ಇದ್ರೆ ಸೈಜ್ ಒಂದು ಇಂಚು ಇಳಿಸಿ.
▪ ಕೊಕ್ಕೆನೂ ಅದಕ್ಕೆ ತಕ್ಕ ಹಾಗೆ. 3 ಇಂಚಿಗೆ 1/0 ಅಥವಾ 2/0, 4 ಇಂಚಿಗೆ 3/0. ಜೊಂಡು ಜಾಸ್ತಿ ಇದ್ರೆ ಕೊಕ್ಕೆ ಮೊನೆ ರಬ್ಬರ್ ಒಳಗೆ ಅಡಗೋ ಹಾಗೆ ಸಿಕ್ಕಿಸಿ.
▪ ರಾಡ್ ಮೇಲೆ ಎಷ್ಟು ಗ್ರಾಂ ಎಸೀಬಹುದು ಅಂತ ಬರೆದಿರುತ್ತೆ, ಓದಿ. 30 ಗ್ರಾಂ ರಾಡಲ್ಲಿ ದೊಡ್ಡ ಸ್ವಿಮ್‌ಬೈಟ್ ಬೀಸಿದ್ರೆ ಮೊದಲು ಮುರಿಯೋದು ರಾಡು. ಹಾಸಿಗೆ ಇದ್ದಷ್ಟು ಕಾಲು ಚಾಚಿ ಗುರೂ.
▪ ಕೆರೆ ಗುತ್ತಿಗೆ ಯಾರದ್ದು ಅಂತ ವಿಚಾರಿಸಿ, ಕೇಳಿ ಇಳಿಯಿರಿ. ಮೀನು ಬಿತ್ತನೆಗೆ ದುಡ್ಡು ಹಾಕಿರೋದು ಅವರು.

"ದೊಡ್ಡದು ಹಾಕಿದ್ರೆ ದೊಡ್ಡ ಮೀನೇ ಸಿಗುತ್ತಲ್ಲ?" ಅಂತ ಕೇಳ್ತೀರಾ. ದೊಡ್ಡ ಊಟ ಇರೋ ನೀರಲ್ಲಿ ಹೌದು. ನಮ್ಮಲ್ಲಿ ಎರಡು ಕೆಜಿ ಕೊರವನೂ ನಾಲ್ಕು ಬೆರಳುದ್ದ ಪಕ್ಕೆಯನ್ನೇ ನುಂಗಿ ಬೆಳೆದಿರೋದು.

(5/5)
ಈಗ ಹೇಳೋಕೆ ಇಷ್ಟ ಇಲ್ಲದ ವಿಷಯ. ಆ 8 ಇಂಚಿಗೆ ಒಂದೇ ಒಂದು ಮೀನು ಸಿಕ್ಕಿತ್ತು. ನಿಮಗೆ ನೆನಪಿರಬಹುದು, ಮಳೆಗಾಲದಲ್ಲಿ ಹಾಕಿದ ಫೋಟೋ. ನನ್ನ ಪೇಜಲ್ಲಿ ಅದಕ್ಕೇ ಜಾಸ್ತಿ ಲೈಕ್ ಬಂದಿದ್ದು.

ಅದು ಹಸಿವಿಗೆ ಕಚ್ಚಿದ ಮೀನಲ್ಲ. ಮಳೆ ಶುರುವಾದ್ಮೇಲೆ ಕೊರವ ಮರಿ ಮಾಡುತ್ತೆ. ಕೆಂಪು-ಕಿತ್ತಳೆ ಬಣ್ಣದ ಸಣ್ಣ ಸಣ್ಣ ಮರಿಗಳು ಗುಂಪಾಗಿ ಮೇಲೆ ಬಂದು ಗಾಳಿ ತಗೊಳ್ತವೆ, ಅಲ್ಲಿ ನೀರು ಸಣ್ಣಗೆ ಕುದಿಯೋ ಹಾಗೆ ಕಾಣುತ್ತೆ. ಕೆಳಗೆ ಅಪ್ಪ ಅಮ್ಮ ಕಾವಲು ಇರ್ತವೆ. ಹತ್ತಿರ ಏನೇ ಬಂದ್ರೂ ಹೊಡೀತವೆ. ನನ್ನ ಗೇಣುದ್ದದ ರಬ್ಬರ್ ಮೀನು ಅವುಗಳಿಗೆ ಮರಿ ತಿನ್ನೋಕೆ ಬಂದ ಕಳ್ಳನ ಥರ ಕಂಡಿರಬೇಕು. ಮೀನು ಚೀಲಕ್ಕೆ ಹಾಕ್ಕೊಂಡು ಎದ್ದಾಗ ಆ ಕೆಂಪು ಗುಂಪು ನೋಡಿದೆ. ಅಲ್ಲೇ ಸುತ್ತ್ತಾ ಇತ್ತು. ಜಿಲೇಬಿ ಮೀನುಗಳು ಆಗಲೇ ಹತ್ತಿರ ಬರ್ತಾ ಇದ್ದವು. ಮನೇಲಿ ಸಾರು ಚೆನ್ನಾಗಿತ್ತು ಅಂದ್ರು. ನನಗೆ ಇಳೀಲಿಲ್ಲ.

ಅಲ್ಲಿ 3 ಇಂಚಿಂದು ಎಸೆದಿದ್ರೂ ಅದು ಹೊಡೀತಿತ್ತು. ಅದಕ್ಕೇ ಹೇಳ್ತಿರೋದು: ಸೈಜ್ ಯಾವುದೇ ಇರಲಿ, ಕೆಂಪು ಮರಿ ಗುಂಪು ಕಂಡ್ರೆ ದಾರ ಸುತ್ತಿ ಜಾಗ ಬಿಡಿ. ಒಂದು ಜೊತೆ ಉಳಿದ್ರೆ ಮುಂದಿನ ವರ್ಷಕ್ಕೆ ಕೆರೆ ತುಂಬ ಕೊರವ ಇರುತ್ತೆ. ಬಿತ್ತನೆ ಬಿಡೋರು ಯಾರೂ ನಮಗೋಸ್ಕರ ಕೊರವ ತಂದು ಬಿಡಲ್ಲ.

ಆ ಹಳೇ ಫೋಟೋ ಡಿಲೀಟ್ ಮಾಡಲ್ಲ. ಕ್ಯಾಪ್ಶನ್ ಮಾತ್ರ ಬದಲಾಯಿಸಿದ್ದೀನಿ, ಹೋಗಿ ಓದಿ. 8 ಇಂಚಿಂದು ಯಾರಿಗಾದ್ರೂ ಶೋಕೇಸಿಗೆ ಬೇಕಿದ್ರೆ ಹೇಳಿ, ಸುಮ್ಮನೆ ಕೊಡ್ತೀನಿ.

ನಿಮ್ಮೂರ ಕೆರೇಲಿ ಕೊರವ ಏನು ತಿನ್ನುತ್ತೆ? ಕಾಮೆಂಟಲ್ಲಿ ಬೆರಳ ಲೆಕ್ಕದಲ್ಲೇ ಬರೀರಿ.

#ಬಿಂಡಿಗನವಿಲೆ #ನಾಗಮಂಗಲ #ಕೊರವ #ಗಾಳ #ನಾಲ್ಕುಬೆರಳು