ಬೆಟ್ಟ ಹತ್ತಲು ಟಿಕೆಟ್ ಸಿಗದವರಿಗೆ



ಕಳೆದ ವಾರ ಬೆಂಗಳೂರಿನಿಂದ ದೂರವಾಣಿ ಮಾಡಿದ ಹಳೆಯ ಶಿಷ್ಯನೊಬ್ಬ ಅಸಮಾಧಾನ ತೋಡಿಕೊಂಡ: "ಸರ್, ಕುದುರೆಮುಖ ಶಿಖರಕ್ಕೆ ದಿನಕ್ಕೆ 300 ಜನರಿಗಷ್ಟೇ ಅನುಮತಿಯಂತೆ. ಎರಡು ಸಲ ಪ್ರಯತ್ನಿಸಿದರೂ ಟಿಕೆಟ್ ಸಿಗಲಿಲ್ಲ. ನಮ್ಮ ಜಿಲ್ಲೆಯ ಬೆಟ್ಟ ಹತ್ತಲು ನಮಗೇ ಅಡ್ಡಿಯೇ?"

ಅಡ್ಡಿ ಇರಬೇಕು ಎಂಬುದೇ ನನ್ನ ಮತ. ಆದರೆ ಮೊದಲು ನನ್ನ ತಪ್ಪೊಪ್ಪಿಗೆ.

1980ರ ದಶಕದ ಕೊನೆಯಲ್ಲಿ, ಬಿ.ಇಡ್. ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ನಾನು, ಒಂಬತ್ತನೆಯ ತರಗತಿಯ ಮಕ್ಕಳನ್ನು ಕುದುರೆಮುಖದ ಗಣಿ ತೋರಿಸಲು ಕರೆದೊಯ್ದಿದ್ದೆ. ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದದ್ದನ್ನು ಕಂಡು ಬೆರಗಾದೆವು. ಅದಿರಿನ ಪುಡಿ ನೀರಿನೊಡನೆ ಬೆರೆತು ಕೊಳವೆಯಲ್ಲಿ ಮಂಗಳೂರಿನವರೆಗೆ ಹರಿಯುವ ಬಗೆಯನ್ನು ಬಣ್ಣಿಸಿ, ಮರಳಿದ ಮೇಲೆ 'ರಾಷ್ಟ್ರದ ಪ್ರಗತಿ' ಎಂದು ಪ್ರಬಂಧ ಬರೆಸಿದೆ. ಉಳಿದ ಕೆಸರು ಲಕ್ಯಾ ಅಣೆಕಟ್ಟೆಯ ಹಿಂದೆ ತುಂಬುತ್ತಿದ್ದುದನ್ನು ಯಾವ ಮಗುವೂ ಬರೆಯಲಿಲ್ಲ. ನಾನು ಹೇಳಿಕೊಟ್ಟಿದ್ದರೆ ತಾನೆ!

1987ರಲ್ಲಿ ರಾಷ್ಟ್ರೀಯ ಉದ್ಯಾನದ ಘೋಷಣೆಯಾದರೂ ಗಣಿ ನಿಲ್ಲಲಿಲ್ಲ. 2002ರ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ನಿಂತಿತು. ಅಂದು ಸಂಭ್ರಮಿಸಿದವರಲ್ಲಿ ನಾವೂ ಇದ್ದೆವು. ತುಂಗೆ, ಭದ್ರೆ, ನೇತ್ರಾವತಿಯರ ತವರು ಉಳಿಯಿತೆಂದು ಹಿಗ್ಗಿದ ನಾವೇ ಇಂದು ಅದೇ ಗಿರಿಶ್ರೇಣಿಯನ್ನು ಭಾನುವಾರದ ಆಟದ ಬಯಲೆಂದು ತಿಳಿದಿದ್ದೇವೆ.

ಆ ಹುಲ್ಲುಗಾವಲು ಬರಡು ನೆಲವಲ್ಲ. ಕಣಿವೆಯ ಶೋಲಾ ಕಾಡು, ಮೇಲಿನ ಹುಲ್ಲು ಎರಡೂ ಕೂಡಿ ಮಳೆನೀರನ್ನು ಹೀರಿ ಹಿಡಿದು, ಬೇಸಿಗೆಯಲ್ಲಿ ಹಳ್ಳಗಳಿಗೆ ಮೆಲ್ಲಗೆ ಬಿಟ್ಟುಕೊಡುತ್ತವೆ. ಬೂಟುಗಾಲಿಗೆ ಹುಲ್ಲು ಸವೆದರೆ ಮರು ಮಳೆಗೇ ಕಾಲುದಾರಿ ಕೊರಕಲಾಗುತ್ತದೆ. ಲೆಕ್ಕ ಹಾಕಿ ನೋಡಿ: 300 ಜನ ಹತ್ತಿ ಇಳಿದರೆ ಒಂದೇ ದಾರಿ ದಿನಕ್ಕೆ 600 ಸಲ ತುಳಿತಕ್ಕೆ ಸಿಕ್ಕುತ್ತದೆ. ಅದೂ ಹೆಚ್ಚಿನವರಿಗೆ ಬೇಕಾದದ್ದು ನೆಲ ನೆನೆದು ಮೆತ್ತಗಾಗಿರುವ ಮಳೆಗಾಲವೇ! ನನ್ನನ್ನು ಕೇಳಿದರೆ ಮಳೆಗಾಲದಲ್ಲಿ ಆ ಸಂಖ್ಯೆಯನ್ನು ಅರ್ಧಕ್ಕಿಳಿಸಬೇಕು.

ಜೀಪು ಓಡಿಸುವವರ, ಹೋಂಸ್ಟೇ ನಡೆಸುವವರ ಹೊಟ್ಟೆಪಾಡೇನು ಎಂದು ನಮ್ಮ ಬಂಧುಗಳೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಗಣಿಯ ಕಾಲದಲ್ಲೂ ಇದೇ ಪ್ರಶ್ನೆಯನ್ನು ಮುಂದಿಟ್ಟಿದ್ದರು. ಶಿಖರ ಮುಟ್ಟಿ ಅಂದೇ ಓಡುವ ಸಾವಿರ ಜನರಿಗಿಂತ, ಊರಿನಲ್ಲಿ ಮೂರು ದಿನ ತಂಗಿ ತೋಟ, ಹಳ್ಳ ಸುತ್ತುವ ನೂರು ಜನ ಆ ಮನೆಗಳಿಗೆ ಹೆಚ್ಚು ಆಸರೆಯಾಗಬಲ್ಲರು.

ಇನ್ನು ನಿನಗೆ, ದೂರವಾಣಿ ಮಾಡಿದವನೇ: ಟಿಕೆಟ್ಟಿನ ಚಿಂತೆ ಬಿಡು. ಜನವರಿಯಲ್ಲಿ ಮಕ್ಕಳನ್ನು ಕರೆದುಕೊಂಡು ಬಾ, ಸಂಸೆಯ ಕಡೆ ನಡೆಯೋಣ. ಕುದುರೆಯ ಮುಖ ಕಾಣುವುದು ಅಲ್ಲಿಂದಲೇ. ಶಿಖರದ ಮೇಲೆ ನಿಂತವನಿಗೆ ಅದು ಕಾಣುವುದಿಲ್ಲ.