ಗಣಿತ ಶಿಕ್ಷಕರು ಇನ್ನೇನು ಕಲಿಯಬೇಕು ಎನ್ನುವವರಿಗೆ

ಪ್ರೌಢಶಾಲೆಯ ಗಣಿತ ಶಿಕ್ಷಕರಿಗೆ ಪ್ರತಿವರ್ಷ ಅವರ ವಿಷಯದಲ್ಲೇ ಗಟ್ಟಿಯಾದ ತರಬೇತಿ ಸಿಗಬೇಕು, ತರಗತಿ ಬಿಡದೆ ಮೇಲೇರುವ ದಾರಿಯೂ ಅವರಿಗಿರಬೇಕು. ಈ ಮಾತು ಎತ್ತಿದಾಗಲೆಲ್ಲ ಅವೇ ಆಕ್ಷೇಪಗಳು ಕೇಳಿಬರುತ್ತವೆ. ಅಧಿಕಾರಿಗಳಿಂದ ಬರುತ್ತವೆ, ಪೋಷಕರಿಂದ ಬರುತ್ತವೆ, ನಮ್ಮ ಸ್ಟಾಫ್ ರೂಮಿನಿಂದಲೂ ಬರುತ್ತವೆ. ಅವಕ್ಕೆ ನನ್ನ ಉತ್ತರ ಇಲ್ಲಿದೆ.

"ಬಿ.ಎಸ್ಸಿ., ಬಿ.ಇಡಿ. ಮಾಡಿ, ಪರೀಕ್ಷೆ ಬರೆದು ನೌಕರಿಗೆ ಬಂದವರು. ಪೈಥಾಗೊರಸ್ ಪ್ರಮೇಯವೇನು ಬದಲಾಗಿದೆಯೇ?"

ಪ್ರಮೇಯ ಬದಲಾಗಿಲ್ಲ. ಆದರೆ ಹತ್ತನೇ ತರಗತಿಯ ಹುಡುಗಿಯೊಬ್ಬಳು ಸೈನ್ (30° + 60°) = ಸೈನ್ 30° + ಸೈನ್ 60° ಎಂದು ಬರೆದಳು ಅಂದುಕೊಳ್ಳಿ. ಕೆಂಪು ಶಾಯಿಯಲ್ಲಿ ಗೀಟು ಹಾಕಿ ಮುಂದೆ ಹೋಗಬಹುದು. ಅವಳು ಹಾಗೇಕೆ ಬರೆದಳು ಎಂದೂ ನೋಡಬಹುದು. ಆವರಣದ ಹೊರಗಿರುವ ಸಂಖ್ಯೆಯಿಂದ ಒಳಗಿನ ಎರಡನ್ನೂ ಗುಣಿಸುವುದನ್ನು ಅವಳು ವರ್ಷಗಟ್ಟಲೆ ಮಾಡಿದ್ದಾಳೆ. ಸೈನ್ ಕೂಡ ಅವಳ ಕಣ್ಣಿಗೆ ಹೊರಗೆ ನಿಂತ ಒಂದು ಸಂಖ್ಯೆ. √(9 + 16) ಕೊಟ್ಟರೆ 3 + 4 ಎಂದು ಕೂಡಿ 7 ಬರೆಯುವವಳೂ ಅವಳೇ. ಎರಡೂ ತಪ್ಪಿನ ಬೇರು ಒಂದೇ ಎಂದು ತಿಳಿದ ಶಿಕ್ಷಕರು ಬಲಬದಿಯ ಬೆಲೆ ಹಾಕಿ ನೋಡು ಎನ್ನುತ್ತಾರೆ. 0.5ಕ್ಕೆ 0.866 ಕೂಡಿದರೆ 1.366. ಲಂಬಕೋನ ತ್ರಿಭುಜದಲ್ಲಿ ಅಭಿಮುಖ ಬಾಹು ವಿಕರ್ಣಕ್ಕಿಂತ ಉದ್ದ ಆಗುತ್ತದೆಯೇ ಎಂದು ಕೇಳುತ್ತಾರೆ. ಆಗ ತಪ್ಪನ್ನು ಅವಳೇ ಹಿಡಿಯುತ್ತಾಳೆ.

ಈ ತಿಳಿವಳಿಕೆ ಪದವಿಯ ಯಾವ ಪತ್ರಿಕೆಯಲ್ಲೂ ಇರಲಿಲ್ಲ. ಲಿಪಿಂಗ್ ಮಾ ಎಂಬ ಸಂಶೋಧಕಿ 1999ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅಮೆರಿಕದ 23 ಮತ್ತು ಚೀನಾದ 72 ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಅವರು ಒಂದೇ ಲೆಕ್ಕ ಕೊಟ್ಟರು: ಒಂದೂಮುಕ್ಕಾಲನ್ನು ಅರ್ಧದಿಂದ ಭಾಗಿಸಿ, ಅದಕ್ಕೆ ಹೊಂದುವ ಒಂದು ಸಂದರ್ಭವನ್ನೂ ಹೇಳಿ. ಚೀನಾದವರೆಲ್ಲರ ಉತ್ತರ ಸರಿಯಿತ್ತು, ಬಹುಪಾಲು ಜನ ಸರಿಯಾದ ಸಂದರ್ಭವನ್ನೂ ಕಟ್ಟಿದರು. ಅಮೆರಿಕದವರಲ್ಲಿ ಅರ್ಧದಷ್ಟು ಮಂದಿಗೂ ಲೆಕ್ಕವೇ ಸರಿಬರಲಿಲ್ಲ. ಆದರೆ ಹೆಚ್ಚು ವರ್ಷ ಓದಿದ್ದವರು ಅಮೆರಿಕದವರೇ. ಚೀನಾದ ಶಿಕ್ಷಕರು ನೌಕರಿಗೆ ಸೇರಿದ ಮೇಲೂ ಸಹೋದ್ಯೋಗಿಗಳ ಜೊತೆ ಕೂತು ಪಠ್ಯಪುಸ್ತಕವನ್ನು ಸಾಲುಸಾಲಾಗಿ ಓದಿ ಚರ್ಚಿಸುತ್ತಿದ್ದರು. ನಮ್ಮ ಎಷ್ಟೋ ಸರ್ಕಾರಿ ಪ್ರೌಢಶಾಲೆಗಳಲ್ಲಿ ಇರುವುದು ಒಬ್ಬರೇ ಪಿಸಿಎಂ (ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ) ಶಿಕ್ಷಕರು. ಎಂಟು, ಒಂಬತ್ತು, ಹತ್ತರ ಗಣಿತ ಅವರದೇ, ಜೊತೆಗೆ ವಿಜ್ಞಾನದ ಪಾಲೂ ಇರುತ್ತದೆ. ಒಂದು ಸಾಧನೆಯನ್ನು ಬೇರೆ ರೀತಿ ಹೇಳಬಹುದೇ ಎಂದು ಕೇಳಲು ಆ ಶಾಲೆಯಲ್ಲಿ ಇನ್ನೊಬ್ಬರಿಲ್ಲ. ವರ್ಷಾನುಗಟ್ಟಲೆ ಹೀಗೆ ಒಂಟಿಯಾಗಿ ಪಾಠ ಮಾಡುವವರನ್ನು ಇನ್ನೇನು ಕಲಿಯೋದಿದೆ ಎಂದು ಕೇಳುವುದು ಅನ್ಯಾಯ.

"ತರಬೇತಿ ಎಂದು ಓಓಡಿ (ಅನ್ಯ ಕರ್ತವ್ಯ) ಮೇಲೆ ಹೋದರೆ ಪಾಠ ನಿಲ್ಲುತ್ತದೆ, ಎಸ್ಸೆಸ್ಸೆಲ್ಸಿ ಫಲಿತಾಂಶ ಬೀಳುತ್ತದೆ."

ಪಾಠ ನಿಲ್ಲಬಾರದು ಎಂಬ ಕಾಳಜಿ ನನಗೂ ಇದೆ. ಆದರೆ ಈ ಕಾಳಜಿ ತರಬೇತಿಯ ಮಾತು ಬಂದಾಗ ಮಾತ್ರ ಏಳುವುದೇಕೆ? ಮತಗಟ್ಟೆಯ ಕೆಲಸಕ್ಕೆ ಶಿಕ್ಷಕರು ಬೇಕು, ಮತದಾರರ ಪಟ್ಟಿಗೆ ಬೇಕು, ಗಣತಿಗೆ ಬೇಕು. 2025ರಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆಂದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಇನ್ನು ಫಲಿತಾಂಶ. 2023ರಲ್ಲಿ ಶೇ 83.89 ಇತ್ತು. ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ, ಕೃಪಾಂಕ ಹೆಚ್ಚಿಸಿದ ಮೇಲೂ ಶೇ 73.40ಕ್ಕೆ ಇಳಿಯಿತು. ಶಿಕ್ಷಕರು ತರಬೇತಿಗೆ ಹೋಗಿದ್ದರಿಂದ ಆದ ಕುಸಿತವಲ್ಲ ಇದು. ಪಾಸಾಗಲು ಸಾಕಾಗುವಷ್ಟೇ ಪ್ರಶ್ನೋತ್ತರಗಳ ಪಾಸಿಂಗ್ ಪ್ಯಾಕೇಜ್ ಹಿಡಿದು ಉರು ಹೊಡೆಸಿದ್ದರಿಂದ ಮಕ್ಕಳಿಗೆ ಗಣಿತ ಬಂದಿರಲಿಲ್ಲ, ಅದು ಎಲ್ಲರೆದುರು ಬಯಲಾಯಿತು. ಶನಿವಾರ ಹೇಗೂ ಬೆಳಗಿನ ತರಗತಿ. ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಸುತ್ತಲಿನ ಶಾಲೆಗಳ ಗಣಿತ ಶಿಕ್ಷಕರನ್ನು ಒಂದೆಡೆ ಸೇರಿಸಿ, ಬೇಸಿಗೆಯಲ್ಲಿ ಒಂದು ವಾರ ತರಬೇತಿ ಕೊಟ್ಟು ಗಳಿಕೆ ರಜೆ ಜಮಾ ಮಾಡಿದರೆ ಒಂದು ಪೀರಿಯಡ್ಡೂ ತಪ್ಪುವುದಿಲ್ಲ.

"ತರಬೇತಿಯಲ್ಲಿ ಏನೂ ಇರುವುದಿಲ್ಲ. ಸಹಿ ಹಾಕಿ, ಊಟ ಮಾಡಿ ಬರುವುದಷ್ಟೇ."

ಇದನ್ನು ಹೇಳುವವರು ಶಿಕ್ಷಕರೇ, ಅವರ ದೂರಿನಲ್ಲಿ ಹುರುಳಿದೆ. ರಾಜ್ಯಮಟ್ಟದಲ್ಲಿ ಕೇಳಿದ್ದನ್ನು ಸಂಪನ್ಮೂಲ ವ್ಯಕ್ತಿಗಳು ಜಿಲ್ಲೆಯಲ್ಲಿ ಹೇಳಿ, ಅಲ್ಲಿ ಕೇಳಿದವರು ತಾಲ್ಲೂಕಿನಲ್ಲಿ ಹೇಳುವಷ್ಟರಲ್ಲಿ ಉಳಿಯುವುದು ಪಿಪಿಟಿ ಮಾತ್ರ. ದೀಕ್ಷಾ ಆ್ಯಪ್‌ನಲ್ಲಿ ವಿಡಿಯೊ ಓಡಿಸಿಟ್ಟು ಪ್ರಮಾಣಪತ್ರ ಇಳಿಸಿಕೊಳ್ಳುವುದೂ ಅದಕ್ಕಿಂತ ಮೇಲಲ್ಲ. ಆದರೆ ಬೇರೆ ಬಗೆಯ ತರಬೇತಿಯೂ ಇದೇ ರಾಜ್ಯದಲ್ಲಿ ನಡೆದಿದೆ. ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯಲ್ಲಿ ಗಣಿತ ಶಿಕ್ಷಕರು ಕಂಪ್ಯೂಟರ್ ಮುಂದೆ ಕೂತು ಜಿಯೊಜೀಬ್ರಾ ತಂತ್ರಾಂಶದಲ್ಲಿ ತಾವೇ ಆಕೃತಿ ರಚಿಸಿದರು. ಅರ್ಧವೃತ್ತದ ಮೇಲಿನ ಬಿಂದುವನ್ನು ಮೌಸ್‌ನಿಂದ ಎಳೆದಂತೆಲ್ಲ ತ್ರಿಭುಜದ ಆಕಾರ ಬದಲಾಗುತ್ತದೆ, ಕೋನ ಮಾತ್ರ 90 ಡಿಗ್ರಿಯಲ್ಲೇ ನಿಂತಿರುತ್ತದೆ. ಏಕೆ ನಿಂತಿದೆ ಎಂಬ ಪ್ರಶ್ನೆ ಅಲ್ಲಿಂದ ಹುಟ್ಟುತ್ತದೆ, ಸಾಧನೆ ಬರೆಯುವ ಅಗತ್ಯವೂ ಅಲ್ಲಿಂದಲೇ. ಕೆಟ್ಟ ತರಬೇತಿ ಕಂಡವರು ಇಂಥ ತರಬೇತಿ ಕೊಡಿ ಎಂದು ಪಟ್ಟು ಹಿಡಿಯಬೇಕು, ತರಬೇತಿಯೇ ಬೇಡ ಎನ್ನಬಾರದು.

"ಬಡ್ತಿ ಇದ್ದೇ ಇದೆಯಲ್ಲ, ಮುಖ್ಯ ಶಿಕ್ಷಕರಾಗುತ್ತಾರೆ."

ನನಗೆ ಅತಿ ಹೆಚ್ಚು ನೋವು ಕೊಡುವ ವಾದ ಇದು. 10 ವರ್ಷಕ್ಕೆ ಕಾಲಬದ್ಧ ಬಡ್ತಿ ಬರುತ್ತದೆ, 15ಕ್ಕೆ ಇನ್ನೊಂದು. ಅದು ಸೇವಾವಧಿಗೆ ಸಿಗುವುದು, ಪಾಠದ ಗುಣಕ್ಕೂ ಅದಕ್ಕೂ ಸಂಬಂಧವಿಲ್ಲ. ನಿಜವಾದ ಬಡ್ತಿ ಬಂದ ದಿನ ಆ ಶಿಕ್ಷಕರ ಕೈಗೆ ಬಿಸಿಯೂಟದ ಲೆಕ್ಕ, ವಿದ್ಯಾರ್ಥಿಗಳ ಸ್ಯಾಟ್ಸ್ ದಾಖಲೆ, ಶಾಲಾ ಸಮಿತಿ ಎಸ್‌ಡಿಎಂಸಿಯ ಸಭೆ, ಕಟ್ಟಡ ದುರಸ್ತಿಯ ಕಡತ ಬರುತ್ತವೆ. ಸ್ನಾತಕೋತ್ತರ ಪದವಿ ಇದ್ದವರು ಪಿಯು ಉಪನ್ಯಾಸಕರಾಗಿ ಹೋಗುತ್ತಾರೆ. ಮುಖ್ಯ ಶಿಕ್ಷಕರ ಹೊಣೆ ದೊಡ್ಡದು, ಆಸಕ್ತಿ ಇದ್ದವರು ಅದನ್ನು ಹೊರಲಿ. ಆದರೆ 20 ವರ್ಷದಲ್ಲಿ ಮಾಗಿದ ಗಣಿತ ಶಿಕ್ಷಕರನ್ನು ಗಣಿತದಿಂದ ಹೊರಗೆ ಕರೆದೊಯ್ಯುವುದೊಂದೇ ನಮಗೆ ಗೊತ್ತಿರುವ ಗೌರವ ಎಂದಾದರೆ ನಷ್ಟ ಮಕ್ಕಳದ್ದು. ಸಿಂಗಪುರದಲ್ಲಿ ಆಡಳಿತದ ದಾರಿಯ ಪಕ್ಕದಲ್ಲೇ ಬೋಧನೆಯ ದಾರಿಯೂ ಇದೆ. ಅಲ್ಲಿ ಶಿಕ್ಷಕರು ಪಾಠ ಮಾಡುತ್ತಲೇ ಹಿರಿಯ ಶಿಕ್ಷಕ, ಲೀಡ್ ಟೀಚರ್, ಮಾಸ್ಟರ್ ಟೀಚರ್ ಆಗುತ್ತಾ ಹೋಗಬಹುದು. ಒಂದೇ ಹಂತದ ಶಾಲೆಯಲ್ಲಿದ್ದುಕೊಂಡೇ ವೃತ್ತಿಯಲ್ಲಿ ಬೆಳೆಯಲು ಅವಕಾಶವಿರಬೇಕು ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳುತ್ತದೆ. ಆ ನೀತಿಯ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಈ ಒಂದು ಮಾತನ್ನು ಬಿಡಬೇಕಾಗಿಲ್ಲ.

"ಇದಕ್ಕೆಲ್ಲ ದುಡ್ಡೆಲ್ಲಿದೆ?"

ಜಿಲ್ಲೆಗಳಲ್ಲಿ ಶಿಕ್ಷಕರ ತರಬೇತಿ ಸಂಸ್ಥೆ ಡಯಟ್ ಇದೆ, ಅದರ ಕಟ್ಟಡವಿದೆ, ಉಪನ್ಯಾಸಕರಿದ್ದಾರೆ. ಹೊಸದಾಗಿ ಬೇಕಾದದ್ದು ಶನಿವಾರದ ಸಭೆಗೆ ಬರುವವರ ಬಸ್ ಖರ್ಚು, ಹಿರಿಯ ಗಣಿತ ಶಿಕ್ಷಕ ಎಂಬ ಒಂದು ದರ್ಜೆ, ಅದಕ್ಕೊಂದು ವೇತನ ಶ್ರೇಣಿ. ಆ ದರ್ಜೆಯವರ ಪೀರಿಯಡ್ಡುಗಳನ್ನು ಅರ್ಧಕ್ಕೆ ಇಳಿಸಿ, ಉಳಿದ ಸಮಯದಲ್ಲಿ ನೆರೆಯ ಶಾಲೆಗಳಿಗೆ ಹೋಗಿ ಹೊಸಬರ ಪಾಠ ನೋಡಿ ಮಾತಾಡುವಂತೆ ಆದೇಶ ಹೊರಡಿಸಬೇಕು. ಮೊದಲು ಒಂದು ತಾಲ್ಲೂಕಿನಲ್ಲಿ ಎರಡು ವರ್ಷ ನಡೆಸಲಿ. ವಿರೋಧಿಸುವವರೇ ಬಂದು ಆ ಮಕ್ಕಳ ಉತ್ತರ ಪತ್ರಿಕೆಗಳನ್ನು ತೆರೆದು ನೋಡಲಿ.